ಚೆಂಡಾಟದ ನಾಯಕ, ಫಿರಂಗಿದಳದ ಅಧಿಕಾರಿ

1930ರಲ್ಲಿ ಕೇವಲ 25 ಪೌಂಡುಗಳಿಗೆ ಇಂಗ್ಲೆಂಡಿನ ಬೋಲ್ಟನ್ ವಾಂಡರರ್ಸ್ ಕಾಲ್ಚೆಂಡು ತಂಡವನ್ನು ಸೇರಿ, ಮುಂದೆ ಅದರ ನಾಯಕನಾದ ಹ್ಯಾರಿ ಗೋಸ್ಲಿನ್ನನ ಹೆಸರು ಕೃಷ್ಣಾತೀರದ ಕುಡಚಿಯಲ್ಲಿ ಏತಕ್ಕೆಂದು ನೋಡುಗರು ಕೇಳಬಹುದು. ಇಲ್ಲಿಂದ ರೈಲುಹಾದಿ ಹಿಡಿದು ತೆಂಕಣಕ್ಕೆ ಸಾಗಿದರೆ ದೊರೆಯುವ, 1922ರಿಂದ ಮರಾಠಾ ಪದಾತಿದಳದ ನೆಲೆಯಾಗಿರುವ ಬೆಳಗಾವಿಯೇ ಅದಕ್ಕೆ ಉತ್ತರ.

1939ರ ಏಪ್ರಿಲ್ 8ರಂದು, ಸಂಡರ್‌ಲ್ಯಾಂಡ್ ತಂಡದೊಡನೆ ಪಂದ್ಯ ಮೊದಲಾಗುವ ಮುನ್ನ ಧ್ವನಿವರ್ಧಕದ ಮುಂದೆ ನಿಂತು ಪ್ರೇಕ್ಷಕರನ್ನು ದೇಶರಕ್ಷಣೆಗೆ ಆಹ್ವಾನಿಸಿದ ಈತ, ಅನ್ಯರಿಗೆ ಹೇಳಿ ತಾನು ಮನೆಯಲ್ಲುಳಿಯುವ ಜಾತಿಯವನಲ್ಲ; ಸಹ ಆಟಗಾರರನೇಕರೊಡನೆ 53ನೆಯ ಫಿರಂಗಿ ರೆಜಿಮೆಂಟನ್ನು ಸೇರಿ, ಡನ್‌ಕರ್ಕ್, ಈಜಿಪ್ಟು, ಇರಾಕುಗಳನ್ನು ಹಾಯ್ದು ಇಟಲಿಗೆ ಬಂದನು. ಅಲ್ಲಿ ಆ ರೆಜಿಮೆಂಟು 8ನೆಯ ಭಾರತೀಯ ಡಿವಿಜನ್ನಿನ ಭಾಗವಾಗಿತ್ತು. ಮರಾಠಾ ದಳದ ಮೊದಲನೆಯ ಬಟಾಲಿಯನ್ನೂ ಅದರಲ್ಲಿಯೇ ಇದ್ದಿತು. ಹೀಗೆ ಬೋಲ್ಟನ್ನಿನ ಚೆಂಡಾಟಗಾರರೂ ಬೆಳಗಾವಿಯ ದಳದ ಜವಾನರೂ ಒಂದೇ ಚಳಿಗಾಲದಲ್ಲಿ ಸಾಂಗ್ರೋ ನದಿಯ ಕೆಸರನ್ನು ತುಳಿದರು. ಕೃಷ್ಣೆಯ ಕಪ್ಪು ಎರೆಯನ್ನು ಬಲ್ಲವರಿಗೆ ಅಂತಹ ಕೆಸರನ್ನು ವರ್ಣಿಸಬೇಕಾಗಿಲ್ಲ.

1943ರ ಡಿಸೆಂಬರ್ 18ರಂದು, ತನ್ನ 34ನೆಯ ವಯಸ್ಸಿನಲ್ಲಿ, ಯುದ್ಧದ ಗಾಯಗಳಿಂದ ಮಡಿದ ಲೆಫ್ಟಿನೆಂಟ್ ಗೋಸ್ಲಿನ್ನನ ಸಮಾಧಿಯು ಸಾಂಗ್ರೋ ಯುದ್ಧಸ್ಮಶಾನದಲ್ಲಿದೆ. ಅದೇ ಆವರಣದಲ್ಲಿ, ಅಗ್ನಿಸಂಸ್ಕಾರ ಪಡೆದ 500ಕ್ಕೂ ಹೆಚ್ಚು ಭಾರತೀಯ ಯೋಧರ ಸ್ಮಾರಕವೂ ನಿಂತಿದೆ.