ವಯಸ್ಸು ಕೇಳಿದರೆ ಸಾಲದು

1948ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಡೇವಿಡ್ ಕಾರ್ನೋಫ್‌ಸ್ಕಿ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ನೈಟ್ರೋಜನ್ ಮಸ್ಟರ್ಡ್ ಕೊಟ್ಟು ಕಂಡದ್ದನ್ನು ಪ್ರಕಟಿಸಿದರು. ಯುದ್ಧದ ವಿಷಾನಿಲಗಳ ಸಂಶೋಧನೆಯಿಂದ ಹುಟ್ಟಿದ ಔಷಧಿ ಅದು. ಕೆಲವರಲ್ಲಿ ಗೆಡ್ಡೆ ಕುಗ್ಗುತ್ತಿತ್ತು, ಆದರೆ ಬಹುಕಾಲಕ್ಕಲ್ಲ. ಹಾಗಾದರೆ ರೋಗಿಗೆ ನಿಜಕ್ಕೂ ಒಳ್ಳೆಯದಾಯಿತೇ ಎಂದು ತಿಳಿಯುವುದು ಹೇಗೆ? ಎಕ್ಸ್‌-ರೇಯ ನೆರಳಷ್ಟನ್ನೇ ನಂಬದೆ ಅವರು ರೋಗಿಯ ದಿನಚರಿಗೇ ಅಂಕ ಕೊಟ್ಟರು. ಯಾವ ತೊಂದರೆಯೂ ಇಲ್ಲದೆ ಓಡಾಡುವವನಿಗೆ 100. ತನ್ನ ಕೆಲಸ ತಾನು ನೋಡಿಕೊಂಡರೂ ದುಡಿಯಲಾರದವನಿಗೆ 70. ಸಾವಿಗೆ ಸೊನ್ನೆ.

ಆ ಅಳತೆ ಇಂದಿಗೂ ಕಾರ್ನೋಫ್‌ಸ್ಕಿ ಹೆಸರಿನಲ್ಲೇ ಇದೆ. ಅದನ್ನೇ ಸರಳಗೊಳಿಸಿ 1960ರಲ್ಲಿ ಬಂದ ಸಣ್ಣ ಅಳತೆಯಂತೂ ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳ ಕಡತಗಳಲ್ಲೂ ಕಾಣುತ್ತದೆ. ಆದರೆ ಎರಡರಲ್ಲೂ ಅಂಕ ಕೊಡುವವರು ವೈದ್ಯರು. ರೋಗಿ ಕೊಠಡಿಯೊಳಗೆ ನಡೆದು ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅಂಕ ಬಿದ್ದಿರುತ್ತದೆ.

ಮುದುಕರ ವಿಷಯದಲ್ಲಿ ಇದಕ್ಕಿಂತಲೂ ಒರಟಾದ ಇನ್ನೊಂದು ಅಳತೆ ಬಹುಕಾಲ ನಡೆಯಿತು. ಅದು ಹುಟ್ಟಿದ ವರ್ಷ. ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಇಳಿವಯಸ್ಸಿನ ರೋಗ. ಆದರೂ ಹೊಸ ಔಷಧಿಗಳ ಎಷ್ಟೋ ಪ್ರಯೋಗಗಳು 70 ಅಥವಾ 75 ದಾಟಿದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸಿಸ್ಪ್ಲಾಟಿನ್‌ನಂಥ ಔಷಧಿ ಮೂತ್ರಪಿಂಡಕ್ಕೆ ಕೊಡುವ ಪೆಟ್ಟು, ತರಿಸುವ ವಾಂತಿ ಕಂಡವರಿಗೆ ಈ ಭಯ ಸಹಜವೇ. ಪರಿಣಾಮ ಮಾತ್ರ ವಿಚಿತ್ರ: ಯಾರಿಗೆ ರೋಗ ಹೆಚ್ಚೋ ಅವರ ಬಗೆಗೇ ತಿಳಿವಳಿಕೆ ಕಡಿಮೆ.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದ್ದು ಇಟಲಿಯ ವೈದ್ಯರು. ಕನ್ನಡನಾಡಿನ ಹಿತ್ತಲುಗಳಲ್ಲಿ ನಿತ್ಯಪುಷ್ಪವೆಂದು ಬೆಳೆಯುವ ಗಿಡದ ರಾಸಾಯನಿಕಗಳಿಂದ ತಯಾರಾದ ವಿನೊರೆಲ್ಬಿನ್ ಎಂಬ ಒಂದೇ ಔಷಧಿಯನ್ನು ಅವರು 70 ವರ್ಷ ಮೀರಿದವರಿಗೆ ಕೊಟ್ಟು ನೋಡಿದರು. ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಬರೀ ಆರೈಕೆ ಪಡೆದವರಲ್ಲಿ ಮಧ್ಯಮ ಬದುಕಿನ ಅವಧಿ 21 ವಾರ, ಔಷಧಿ ಪಡೆದವರಲ್ಲಿ 28 ವಾರ. ಏಳು ವಾರ ದೊಡ್ಡದಲ್ಲ ಎನಿಸಬಹುದು. ಆದರೆ ವಯಸ್ಸಾದವರಿಗೆ ಕೀಮೊದಿಂದ ಉಪಯೋಗವಿಲ್ಲ ಎಂಬ ಮಾತು ಅಲ್ಲಿಗೆ ಬಿತ್ತು. 2011ರಲ್ಲಿ ಫ್ರಾನ್ಸಿನ ಪ್ರಯೋಗವೊಂದು ಇನ್ನೂ ಮುಂದೆ ಹೋಯಿತು. 70ರಿಂದ 89 ವಯಸ್ಸಿನ 451 ಮಂದಿಯಲ್ಲಿ, ಒಂದೇ ಔಷಧಿ ಪಡೆದವರ ಮಧ್ಯಮ ಅವಧಿ 6.2 ತಿಂಗಳಾದರೆ ಎರಡು ಔಷಧಿ ಸೇರಿಸಿ ಪಡೆದವರದು 10.3 ತಿಂಗಳು. ಜೊತೆಗೆ ಅಡ್ಡಪರಿಣಾಮಗಳೂ ಹೆಚ್ಚಿದವು.

ಹಾಗಾಗಿ ಪ್ರಶ್ನೆ ಬದಲಾಯಿತು. ವಯಸ್ಸಾದವರಿಗೆ ಔಷಧಿ ಕೊಡಬೇಕೇ ಎಂಬುದಲ್ಲ, ಯಾವ ವಯಸ್ಸಾದವರಿಗೆ ಎಂಬುದು. ಅದೇ 2011ರಲ್ಲಿ ಅಮೆರಿಕದ ಆರ್ತಿ ಹುರ್ರಿಯಾ ಮತ್ತು ಸಹೋದ್ಯೋಗಿಗಳು, ನಾನಾ ಬಗೆಯ ಕ್ಯಾನ್ಸರ್ ಇದ್ದ, 65 ದಾಟಿದ 500 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೀಮೊದಿಂದ ತೀವ್ರ ತೊಂದರೆಯಾಗಿತ್ತು. ಅದನ್ನು ಮೊದಲೇ ಸೂಚಿಸಿದ ಅಂಶಗಳಲ್ಲಿ ರಕ್ತದ ಹಿಮೋಗ್ಲೋಬಿನ್, ಮೂತ್ರಪಿಂಡದ ಶಕ್ತಿ ಇದ್ದವು. ಅವುಗಳ ಪಕ್ಕದಲ್ಲೇ ಮನೆಮಾತಿನಂಥ ಪ್ರಶ್ನೆಗಳೂ ಇದ್ದವು. ಕಳೆದ ಆರು ತಿಂಗಳಲ್ಲಿ ಬಿದ್ದಿದ್ದೀರಾ? ಕಿವಿ ಸರಿಯಾಗಿ ಕೇಳುತ್ತದೆಯೇ? ಬೀದಿಯ ತುದಿಯವರೆಗೆ ನಡೆಯಬಲ್ಲಿರಾ? ಮಾತ್ರೆ ನೀವೇ ತೆಗೆದುಕೊಳ್ಳುತ್ತೀರಾ? ಕಾಯಿಲೆಯಿಂದಾಗಿ ಜನರೊಡನೆ ಬೆರೆಯುವುದು ಕಡಿಮೆಯಾಗಿದೆಯೇ? ವೈದ್ಯರು ಕೊಡುವ ಕಾರ್ನೋಫ್‌ಸ್ಕಿ ಅಂಕ ಮಾತ್ರ ಈ ತೊಂದರೆಯನ್ನು ಮುಂಚಿತವಾಗಿ ಹೇಳಲಿಲ್ಲ.

ಈ ಬಗೆಯ ವಿಚಾರಣೆ ಆಯುಸ್ಸನ್ನೂ ಹೆಚ್ಚಿಸೀತೇ? ಫ್ರಾನ್ಸಿನಲ್ಲೇ ಶ್ವಾಸಕೋಶದ ಕ್ಯಾನ್ಸರ್ ಇದ್ದ 494 ವೃದ್ಧರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ವಯಸ್ಸು ಮತ್ತು ವೈದ್ಯರ ಅಂಕ ನೋಡಿ ಚಿಕಿತ್ಸೆ, ಇನ್ನೊಂದಕ್ಕೆ ವೃದ್ಧಾಪ್ಯದ ಸಮಗ್ರ ತಪಾಸಣೆ ಮಾಡಿ ಚಿಕಿತ್ಸೆ. 2016ರಲ್ಲಿ ಬಂದ ಉತ್ತರ ಹಲವರಿಗೆ ನಿರಾಸೆ ತಂದಿತು: ಬದುಕಿನ ಅವಧಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ತಪಾಸಣೆಯ ಗುಂಪಿನಲ್ಲಿ ಸುಮಾರು ಕಾಲು ಭಾಗದವರಿಗೆ ಕೀಮೊ ಕೊಡದೆ ಆರೈಕೆಯನ್ನಷ್ಟೇ ಕೊಡಲಾಗಿತ್ತು. ಅಡ್ಡಪರಿಣಾಮವೂ ಆ ಗುಂಪಿನಲ್ಲೇ ಕಡಿಮೆ. ಅಂದರೆ ಅಷ್ಟೇ ದಿನದ ಬದುಕು, ಕಡಿಮೆ ನೋವಿನಲ್ಲಿ.

ಗೆಡ್ಡೆಯ ಕಡೆಯ ಲೆಕ್ಕವೇ ಬೇರೆ. ಇಜಿಎಫ್ಆರ್ ಜೀನ್‌ನಲ್ಲಿ ಮಾರ್ಪಾಡು ಇದ್ದರೆ ಜೆಫಿಟಿನಿಬ್‌ನಂಥ ಮಾತ್ರೆ ಕೆಲಸ ಮಾಡುವ ಸಂಭವ ಹೆಚ್ಚು ಎಂದು 2004ರಲ್ಲಿ ತಿಳಿಯಿತು. ಕೀಮೊ ತಡೆಯಲಾರದಷ್ಟು ಸೋತಿದ್ದ ಇಂಥ ರೋಗಿಗಳಲ್ಲಿ ಹಲವರು ಆ ಮಾತ್ರೆಯಿಂದ ಚೇತರಿಸಿಕೊಂಡದ್ದನ್ನು ಜಪಾನಿನ ವೈದ್ಯರು 2009ರಲ್ಲಿ ತೋರಿಸಿದರು. ಗೆಡ್ಡೆ ಔಷಧಿಗೆ ಮಣಿಯುತ್ತದೆಯೇ ಎಂಬುದನ್ನು ಜೀನ್ ಹೇಳೀತು. ಔಷಧಿಯನ್ನು ದೇಹ ತಾಳುತ್ತದೆಯೇ ಎಂಬುದನ್ನು ಮನುಷ್ಯನನ್ನೇ ಕೇಳಬೇಕು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ವೃದ್ಧ ಕ್ಯಾನ್ಸರ್ ರೋಗಿಗಳಿಗೆಂದೇ ಪ್ರತ್ಯೇಕ ಕ್ಲಿನಿಕ್ 2018ರಲ್ಲಿ ಶುರುವಾಯಿತು. ಇಲ್ಲಿನ ಆಸ್ಪತ್ರೆಗಳಲ್ಲಿ ಅಪ್ಪನನ್ನು ಕೇಳಿದ್ದಕ್ಕೆ ಮಗನೋ ಸೊಸೆಯೋ ಉತ್ತರಿಸುವುದು ಸಾಮಾನ್ಯ. ಬಚ್ಚಲಲ್ಲಿ ಜಾರಿಬಿದ್ದ ಸಂಗತಿ, ಮಕ್ಕಳಿಗೆ ಗಾಬರಿಯಾಗದಿರಲಿ ಎಂದು, ಮುಚ್ಚಿಹೋಗಿರುತ್ತದೆ. ಔಷಧಿಯ ಪ್ರಮಾಣ ಗೊತ್ತುಮಾಡುವ ದಿನ ವೈದ್ಯರಿಗೆ ಮೊದಲು ತಿಳಿಯಬೇಕಾದದ್ದು ಅದೇ.