ಪೆನ್ಸಿಲ್ಲಿನಿಂದ ಪಿಕಾಸಾಕ್ಕೆ

ಕಂಪ್ಯೂಟರು ಬಂದ ಮೇಲೆ ಜನ ಫೋಟೊ ತಿದ್ದುವುದನ್ನು ಕಲಿತರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ತೂಬಗೆರೆ ಹೋಬಳಿಯ ಮುಖಗಳಿಗೆ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ತಿದ್ದುಪಡಿ ನಡೆದೇ ಇತ್ತು. ತಿದ್ದುತ್ತಿದ್ದವರಲ್ಲಿ ನಾನೂ ಒಬ್ಬ. ಎಂಬತ್ತರ ದಶಕದಲ್ಲಿ ದೊಡ್ಡಬಳ್ಳಾಪುರದ ಸ್ಟುಡಿಯೋ ಒಂದರಲ್ಲಿ ಟಚಿಂಗ್ ಕೆಲಸಕ್ಕೆ ಕೂತೆ. ಹೊರಗೆ ಮಗ್ಗಗಳ ಸದ್ದು, ಒಳಗೆ ಫೋಟೊ ತೊಳೆಯುವ ಹೈಪೋ ದ್ರಾವಣದ ವಾಸನೆ.

ಟಚಿಂಗ್ ಅಂದರೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವುದು. ಇಳಿಜಾರು ಮೇಜಿನ ನಡುವೆ ಹಾಲುಗಾಜು, ಅದರ ಹಿಂದೆ ದೀಪ. ನೆಗೆಟಿವ್‌ಗೆ ಮೊದಲು ಮೀಡಿಯಂ ಸವರಬೇಕು, ಇಲ್ಲದಿದ್ದರೆ ಸೀಸ ಹಿಡಿಯುವುದಿಲ್ಲ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು: ಮುಖ ಕಪ್ಪು, ಕೂದಲು ಬಿಳಿ. ಸುಕ್ಕು, ಮೊಡವೆಯ ಕಲೆ, ಕಣ್ಣಡಿಯ ಗುಂಡಿ ಇವೆಲ್ಲ ತೆಳ್ಳಗೆ, ಬೆಳಕು ದಾಟುವ ಹಾಗೆ ಕಾಣುತ್ತವೆ. ಅಲ್ಲಿ ಅಲ್ಪವಿರಾಮದಂಥ ಸಣ್ಣ ಗೀಟುಗಳನ್ನು ತುಂಬಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಕಪ್ಪು ಮಾಡಬೇಕೆಂದರೆ ಚೂಪಾದ ಬ್ಲೇಡಿನಿಂದ ಎಮಲ್ಷನ್ ಪದರ ಕೆರೆಯಬೇಕು. ಕೆರೆದದ್ದು ಜಾಸ್ತಿಯಾದರೆ ನೆಗೆಟಿವೇ ಹೋಯಿತು. ಅದಕ್ಕೆ ‘ಅನ್‌ಡೂ’ ಇರಲಿಲ್ಲ.

ಗಿರಾಕಿಗಳು ಕೇಳುತ್ತಿದ್ದದ್ದು ನಾಲ್ಕೈದು ಸಂಗತಿ, ಅಷ್ಟೇ. ಹುಡುಗಿಯನ್ನು ಬೆಳ್ಳಗೆ ಮಾಡಿ. ಪಾಲು ಕೇಳಿ ಜಗಳವಾಡಿದ ಚಿಕ್ಕಪ್ಪನನ್ನು ತೆಗೆದುಬಿಡಿ. ತೀರಿಕೊಂಡವರ ಮುಚ್ಚಿದ ಕಣ್ಣನ್ನು ತೆರೆಸಿ. ಬೇರೆ ಬೇರೆ ಫೋಟೊದಲ್ಲಿರುವ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ. ಎಲ್ಲಕ್ಕಿಂತ ಹೆಚ್ಚಾಗಿ, “ಅಣ್ಣಾ, ನಮ್ಮಪ್ಪನ ಹಣೆ ಮೇಲಿನ ಸೀಲು ಒಂದು ತೆಗೆದುಕೊಡು.” ರೇಷನ್ ಕಾರ್ಡಿಗೋ ಬ್ಯಾಂಕಿನ ಪಾಸ್‌ಬುಕ್ಕಿಗೋ ಅಂಟಿಸಿದ್ದ ಫೋಟೊ ಬಿಟ್ಟರೆ ಅಪ್ಪನದು ಇನ್ನೊಂದು ಇರುತ್ತಿರಲಿಲ್ಲ. ಅದರ ಅರ್ಧ ಮುಖದ ಮೇಲೆ ನೇರಳೆ ಶಾಯಿಯ ದುಂಡು ಮುದ್ರೆ. 1993ರಲ್ಲಿ ಚುನಾವಣಾ ಆಯೋಗ ಫೋಟೊ ಇರುವ ಗುರುತಿನ ಚೀಟಿ ಶುರುಮಾಡಿದ ಮೇಲೆ ಹೋಬಳಿಯ ಎಷ್ಟೋ ಅಜ್ಜಿಯರು ಮೊದಲ ಸಲ ಕ್ಯಾಮೆರಾ ಮುಂದೆ ಕೂತರು. ಕೆಲವರಿಗೆ ಅದೇ ಕೊನೆಯದೂ ಆಯಿತು. ಗೋಡೆಗೆ ಹಾಕಲು ದೊಡ್ಡದು ಮಾಡಿಸುವಾಗ ಮಕ್ಕಳು ತರುತ್ತಿದ್ದದ್ದು ಆ ಹೆದರಿದ ಮುಖವನ್ನೇ. ವಿಧವೆಯಾಗಿದ್ದ ತಾಯಿಗೆ ಕುಂಕುಮ ಇಡಿಸಿ ಅನ್ನುವವರಿದ್ದರು. ಬೇಡ, ಬರೀ ವಿಭೂತಿ ಇರಲಿ ಅನ್ನುವವರೂ ಇದ್ದರು. ಒಂದೇ ಮನೆಯ ಅಣ್ಣ ತಮ್ಮ ಬೇರೆ ಬೇರೆ ದಿನ ಬಂದು ಬೇರೆ ಬೇರೆ ಹೇಳಿ ಹೋದದ್ದೂ ಉಂಟು. ಯಾರು ದುಡ್ಡು ಕೊಟ್ಟರೋ ಅವರ ಮಾತು ನಡೆಯಿತು.

ಇನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಘಾಟಿ ನಮ್ಮ ಹೋಬಳಿಗೇ ಸೇರಿದ್ದು. ಡಿಸೆಂಬರ್, ಜನವರಿಯ ಚಳಿಯಲ್ಲಿ ಹಳ್ಳಿಕಾರ್ ಎತ್ತುಗಳು ಸಾಲುಗಟ್ಟಿ ನಿಂತಿರುವಾಗ ಫೋಟೊದವರಿಗೆ ಒಳ್ಳೆಯ ಸುಗ್ಗಿ. ತನಗಾಗಿ ಫೋಟೊ ತೆಗೆಸಿಕೊಳ್ಳಲು ನಾಚುವ ರೈತ ಹೊಸ ಜೋಡಿಯ ಹಗ್ಗ ಹಿಡಿದು ಎದೆಯುಬ್ಬಿಸಿ ನಿಲ್ಲುತ್ತಿದ್ದ. ಎತ್ತಿನದೇ ಫೋಟೊ, ತಾನು ಸುಮ್ಮನೆ ಜತೆಗಿದ್ದೇನೆ ಅನ್ನುವ ಧಾಟಿ.

ಕಲರ್ ಬಂದು ನಮ್ಮ ಪೆನ್ಸಿಲ್ ಬಿತ್ತು. ಇದನ್ನು ಯಾರೂ ಬರೆದಿಟ್ಟಿಲ್ಲವಾದ್ದರಿಂದ ಹೇಳುತ್ತೇನೆ. 35 ಎಂಎಂ ಕಲರ್ ನೆಗೆಟಿವ್‌ನಲ್ಲಿ ಮದುವೆ ಗಂಡಿನ ಮುಖ ರಾಗಿಕಾಳಿನಷ್ಟು. ಅದರ ಮೇಲೆ ಎಲ್ಲಿಂದ ಸೀಸ ಆಡಿಸುವುದು? ರೋಲು ಬೆಂಗಳೂರಿನ ಲ್ಯಾಬಿಗೆ ಹೋಗುತ್ತಿತ್ತು, ಯಂತ್ರದಿಂದ ಪ್ರಿಂಟಾಗಿ ಬರುತ್ತಿತ್ತು. ಹೀಗೆ ನಡುವೆ ಹತ್ತಾರು ವರ್ಷ ನಮ್ಮ ಕಡೆಯ ಮುಖಗಳು ಇದ್ದ ಹಾಗೇ ಬಂದವು. ತೊಂಬತ್ತರ ದಶಕದ ಮದುವೆ ಆಲ್ಬಮ್ ತೆಗೆದು ನೋಡಿ: ಮೊಡವೆ, ಬೆವರು, ಫ್ಲಾಶಿಗೆ ಕೆಂಪಾದ ಕಣ್ಣು ಎಲ್ಲ ಇದೆ. ನನ್ನನ್ನು ಕೇಳಿದರೆ ನಮ್ಮ ಹೋಬಳಿಯ ಅತ್ಯಂತ ಪ್ರಾಮಾಣಿಕ ಆಲ್ಬಮ್‌ಗಳು ಅವೇ. ಆಗ ಮಾತ್ರ ಯಾರಿಗೂ ಅವು ಇಷ್ಟವಾಗಲಿಲ್ಲ.

ಅಮೆರಿಕದಲ್ಲಿ ನೋಲ್ ಸಹೋದರರ ಫೋಟೊಶಾಪ್ 1990ರಲ್ಲೇ ಬಂದಿದ್ದರೂ ನಮ್ಮ ಸ್ಟುಡಿಯೋ ಮೇಜಿಗೆ ತಲುಪುವ ಹೊತ್ತಿಗೆ ಶತಮಾನ ಮುಗಿದಿತ್ತು. 2002ರಲ್ಲಿ ಬಂದ ಏಳನೇ ಆವೃತ್ತಿಯಲ್ಲಿ ‘ಹೀಲಿಂಗ್ ಬ್ರಷ್’ ಇತ್ತು. ಪಕ್ಕದ ಚರ್ಮದ ಹದವನ್ನು ತಂದು ಕಲೆಯ ಮೇಲೆ, ಅಲ್ಲಿನ ಬೆಳಕಿಗೆ ಹೊಂದುವಂತೆ ಹರಡುವ ಸಾಧನ. ನಾನು ಅರ್ಧ ದಿನ ಕೂತು ಮಾಡುತ್ತಿದ್ದ ಕೆಲಸ ಎರಡು ಕ್ಲಿಕ್ಕಿನಲ್ಲಿ ಆದದ್ದನ್ನು ನೋಡಿ ಬೇಸರವೇನೂ ಆಗಲಿಲ್ಲ. ಕಣ್ಣು ಉಳಿಯಿತಲ್ಲ ಅನ್ನಿಸಿತು.

ಸ್ಟುಡಿಯೋದ ಗುಟ್ಟು ಮನೆಗೆ ಬಂದದ್ದು ಪಿಕಾಸಾ ಅನ್ನುವ ಫೋಟೊ ತಂತ್ರಾಂಶದಿಂದ. 2004ರಲ್ಲಿ ಗೂಗಲ್ ಅದನ್ನು ಕೊಂಡು ಪುಕ್ಕಟೆ ಕೊಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತಂದ ಕಂಪ್ಯೂಟರು, ಅದರಲ್ಲಿ ಮಗಳು ಹಾಕಿಕೊಟ್ಟ ಪಿಕಾಸಾ. ಸಂಜೆಯಾದರೆ ಅಕ್ಕಪಕ್ಕದವರು ಬಂದು ಕೂರುವರು. ಹೊಸಬರಿಗೆ ತಿದ್ದುವುದು ಕಷ್ಟವಾಗಲೇ ಇಲ್ಲ. ಕತ್ತರಿಸುವುದು, ಓರೆಯಾದದ್ದನ್ನು ನೇರ ಮಾಡುವುದು, ಕೆಂಪುಕಣ್ಣು ಆರಿಸುವುದು ಒಂದೇ ಸಂಜೆಯಲ್ಲಿ ಬಂತು. ‘ಫಿಲ್ ಲೈಟ್’ ಅನ್ನುವ ಗುಂಡಿ ಎಳೆದರೆ ಕತ್ತಲಲ್ಲಿದ್ದ ಮುಖ ಬೆಳಗುತ್ತಿತ್ತು. ಹುಡುಗಿಯರನ್ನು ಬೆಳ್ಳಗೆ ಮಾಡುವ ಹಳೆಯ ಚಟಕ್ಕೆ ಹೊಸ ಗುಂಡಿ ಸಿಕ್ಕಿತು.

ಕಷ್ಟವಾದದ್ದು ಜೋಡಿಸಿಡುವುದು. ಮೊದಲ ಗಾಬರಿಯೇ ಅದರಿಂದ. ಪಿಕಾಸಾ ತೆರೆದ ಕೂಡಲೇ ಡಿಸ್ಕನ್ನೆಲ್ಲ ಹುಡುಕಿ, ಎಲ್ಲೆಲ್ಲಿ ಚಿತ್ರವಿದೆಯೋ ಅಷ್ಟನ್ನೂ ಎದುರಿಗೆ ಹರಡುತ್ತಿತ್ತು. ಮಗ ಅಡಗಿಸಿಟ್ಟಿದ್ದ ಸಿನಿಮಾ ನಟಿಯರೂ ಅಪ್ಪನ ಕಣ್ಣಿಗೆ ಬಿದ್ದರು. ಇವೆಲ್ಲ ನಕಲು, ಅಸಲು ಬೇರೆ ಕಡೆ ಇದೆ ಎಂದುಕೊಂಡು ಅಳಿಸಿದವರಿದ್ದರು, ಅಳಿಸಿದ್ದು ಅಸಲನ್ನೇ. ತಿದ್ದಿದ್ದರಲ್ಲಿ ಮಾತ್ರ ವ್ಯವಹಾರ ತಿರುಗುಮುರುಗು. ‘ಸೇವ್’ ಒತ್ತುವವರೆಗೆ ಪಿಕಾಸಾ ಮೂಲ ಚಿತ್ರವನ್ನು ಮುಟ್ಟುತ್ತಿರಲಿಲ್ಲ. ಏನೇನು ತಿದ್ದಬೇಕೆಂಬುದನ್ನು ಅದೇ ಫೋಲ್ಡರಿನ ಅಡಗಿದ ಕಡತವೊಂದರಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಹಾಗಾಗಿ ಬರೀ ಚಿತ್ರವನ್ನು ಪೆನ್‌ಡ್ರೈವಿಗೆ ಎಳೆದು ಇನ್ನೊಬ್ಬರ ಮನೆಯಲ್ಲಿ ತೆರೆದರೆ ಕೆಂಪುಕಣ್ಣು ಮತ್ತೆ ಕೆಂಪಗೆ ಇಣುಕುವುದು. ‘ಎಕ್ಸ್‌ಪೋರ್ಟ್’ ಮಾಡಿ ಒಯ್ಯಬೇಕು ಎಂದು ಎಷ್ಟು ಜನಕ್ಕೆ ಹೇಳಿದೆನೋ. ಮೂಲಕ್ಕೆ ಕೈಹಚ್ಚದ ಆ ಪದ್ಧತಿ, ಬ್ಲೇಡಿನಿಂದ ಕೆರೆದು ನೆಗೆಟಿವ್ ಹಾಳುಮಾಡಿದವರನ್ನು ಕಂಡಿದ್ದ ನನಗೆ ಬಹಳ ಹಿಡಿಸಿತು.

2009ರ ಆವೃತ್ತಿ ಮುಖಗಳನ್ನು ಗುಂಪುಮಾಡಿ ಹೆಸರು ಕೇಳತೊಡಗಿತು. ಅಕ್ಕತಂಗಿಯರನ್ನು ಒಬ್ಬಳೇ ಎಂದುಕೊಳ್ಳುತ್ತಿದ್ದದ್ದೂ ಉಂಟು. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಗೂ ಹೆಸರು ಹೇಳಿ ಎಂದು ಕಾಯುತ್ತಿತ್ತು. ಅದೇನೋ ತಮಾಷೆ. ತಾರೀಖಿನದು ತಮಾಷೆಯಲ್ಲ. ಕ್ಯಾಮೆರಾ ತಾನು ತೆಗೆದ ಚಿತ್ರದೊಳಗೇ ದಿನ, ಹೊತ್ತು ಬರೆದಿಡುವ ಪದ್ಧತಿ 1995ರಲ್ಲಿ ಜಪಾನಿನಲ್ಲಿ ಗೊತ್ತುಮಾಡಿದ್ದು. ಕಾಗದದ ಫೋಟೊವನ್ನು ಸ್ಕ್ಯಾನ್ ಮಾಡಿದರೆ ಆ ಮಾಹಿತಿ ಇರುವುದಾದರೂ ಎಲ್ಲಿ? ಸ್ಕ್ಯಾನ್ ಮಾಡಿದ ದಿನವೇ ಗಟ್ಟಿಯಾಗುತ್ತದೆ. ನಮ್ಮಜ್ಜಿಯ ಮದುವೆ ಮೊಮ್ಮಗಳ ನಾಮಕರಣದ ಪಕ್ಕದಲ್ಲೇ ಬಂದು ಕೂತಿತು.

ಪಕ್ಕದ ಬೀದಿಯ ಹುಡುಗನೊಬ್ಬ ಘಾಟಿ ಜಾತ್ರೆಯ ಫೋಟೊದಿಂದ ತಾತನ ಮುಖವನ್ನಷ್ಟೇ ಕತ್ತರಿಸಿ, ಚೊಕ್ಕ ಮಾಡಿ ಅಜ್ಜಿಗೆ ತೋರಿಸಿದ. ಅಜ್ಜಿ ಕೇಳಿದ್ದು ಒಂದೇ: “ಎತ್ತು ಎಲ್ಲೋ ಹೋದ್ವು? ಆ ಜೋಡಿ ತಂದ ವರ್ಷವೇ ಕಣೋ ನಿಮ್ಮಪ್ಪ ಹುಟ್ಟಿದ್ದು.” ಮನೆಯ ಲೆಕ್ಕ ಹಾಗೆ ನಡೆಯುತ್ತಿತ್ತು: ಕೆರೆ ಕೋಡಿ ಬಿದ್ದ ವರ್ಷ, ಹೆಂಚು ಹಾಕಿಸಿದ ವರ್ಷ, ಆ ಜೋಡಿ ಮಾರಿದ ವರ್ಷ. ಟ್ರಂಕಿನಲ್ಲಿ ಫೋಟೊಗಳು ಚೆಲ್ಲಾಪಿಲ್ಲಿ ಬಿದ್ದಿರುತ್ತಿದ್ದವು, ಆದರೆ ಅಜ್ಜಿಯ ಬಾಯಲ್ಲಿ ಅವು ಸಾಲಾಗಿ ಬರುತ್ತಿದ್ದವು. ಕಂಪ್ಯೂಟರಿನಲ್ಲಿ ಅವು ಸಾಲಾಗಿ ಕೂತವು, ಹೇಳುವವರು ಮಾತ್ರ ಯಾರೂ ಇಲ್ಲ. ಫೋಲ್ಡರಿನ ಹೆಸರು ‘ನ್ಯೂ ಫೋಲ್ಡರ್ 2’.

2016ರ ಮಾರ್ಚಿನಲ್ಲಿ ಗೂಗಲ್ ಪಿಕಾಸಾ ನಿಲ್ಲಿಸಿತು. ಅಷ್ಟರಲ್ಲಿ ಎಲ್ಲರ ಕೈಗೂ ಫೋನು ಬಂದಿತ್ತು, ಅದರಲ್ಲಿ ಗೂಗಲ್ ಫೋಟೋಸ್. 2021ರ ಜೂನ್ 1ರಿಂದ ಅದರ ಪುಕ್ಕಟೆ ಜಾಗಕ್ಕೂ ಮಿತಿ ಬಿತ್ತು. ಜನ ಮೊದಲ ಸಲ ಯಾವುದನ್ನು ಉಳಿಸಬೇಕು ಎಂದು ಕೂತು ಯೋಚಿಸಿದರು. ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ಚಿತ್ರದೊಳಗಿನ ದಿನದ ಮಾಹಿತಿ ಉದುರಿಹೋಗುತ್ತದೆ. ಹೀಗಾಗಿ ಮನೆಮನೆಗೂ ದಾಟಿಬಂದ ಚಿತ್ರಕ್ಕೆ ಮತ್ತೆ ತಾರೀಖಿಲ್ಲ.

ಈಗಲೂ ನನ್ನ ಬಳಿ ಬರುವವರಿದ್ದಾರೆ. ಮೊನ್ನೆ ಒಬ್ಬ ಅಪ್ಪನ ಹಳೆಯ ಪಾಸ್‌ಬುಕ್ ಫೋಟೊ ತಂದ. ಯಾವುದೋ ಆ್ಯಪಿನಲ್ಲಿ ಬೆರಳು ಸವರಿ ಸೀಲನ್ನು ಅವನೇ ಅಳಿಸಿದ್ದ, ಜತೆಗೆ ವಿಭೂತಿಯೂ ಹೋಗಿತ್ತು. ನಾನು ಮೂರು ಗೆರೆ ಎಳೆದುಕೊಟ್ಟೆ. ಯಾವ ವರ್ಷದ್ದು ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ತಾಯಿಗೆ ಫೋನು ಹಚ್ಚಿದ. ಅವರು ಬೋರ್‌ವೆಲ್ ಕೊರೆಸಲು ಸಾಲ ತೆಗೆದ ವರ್ಷ ಅಂದರು. ಕಡತದ ಹೆಸರನ್ನೂ ಹಾಗೇ ಬರೆದುಕೊಟ್ಟೆ.