ಮಂಗಳೂರು ಕ್ಯಾಥೊಲಿಕರ ಕುಲನಾಮ ಮತ್ತು ವಂಶಾವಳಿ

ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಲ್ಲಿ ಡಿಸೋಜ, ಪಿಂಟೊ, ಲೋಬೊ, ಸಲ್ದಾನ, ರೇಗೊ ಮುಂತಾದ ಪೋರ್ಚುಗೀಸ್ ಕುಲನಾಮಗಳು ರೂಢಿಯಲ್ಲಿವೆ. ಇವರ ಪೂರ್ವಜರಲ್ಲಿ ಬಹುಪಾಲಿನವರು 16ರಿಂದ 18ನೆಯ ಶತಮಾನದ ನಡುವೆ ಗೋವಾದಿಂದ ಕೆನರಾ ಕರಾವಳಿಗೆ ವಲಸೆ ಬಂದವರು. 1560ರಲ್ಲಿ ಗೋವಾದಲ್ಲಿ ಆರಂಭವಾದ ಧರ್ಮವಿಚಾರಣೆ (ಇನ್ಕ್ವಿಸಿಷನ್), ಬರಗಾಲ, 1683ರಲ್ಲಿ ಸಂಭಾಜಿ ನಡೆಸಿದ ಮರಾಠರ ದಾಳಿ, ಇವೆಲ್ಲ ಅವರನ್ನು ದಕ್ಷಿಣಕ್ಕೆ ನೂಕಿದವು.

ಗೋವಾದಲ್ಲಿ ಇವರ ಪೂರ್ವಜರ ಮತಾಂತರದ ವೇಳೆ ಜ್ಞಾನಸ್ನಾನ ಕೊಟ್ಟ ಪಾದ್ರಿಯದೋ, ಧರ್ಮಪಿತನಾಗಿ ನಿಂತ ಪೋರ್ಚುಗೀಸನದೋ ಹೆಸರು ಹೊಸಬರಿಗೆ ಅಂಟಿಕೊಳ್ಳುತ್ತಿತ್ತು. ಹೀಗಾಗಿ ಒಂದೇ ಮನೆಯವರಿಗೆ ಬೇರೆ ಬೇರೆ ಕುಲನಾಮ, ರಕ್ತಸಂಬಂಧವೇ ಇಲ್ಲದವರಿಗೆ ಒಂದೇ ಕುಲನಾಮ ಬಂದಿರುವುದುಂಟು. ಇಬ್ಬರು ಡಿಸೋಜಗಳು ನೆಂಟರೆಂದು ಹೆಸರಷ್ಟರಿಂದಲೇ ತೀರ್ಮಾನಿಸುವುದು ಅವಸರದ ಮಾತು. ಅದಕ್ಕಿಂತ ಗಟ್ಟಿಯಾದ ಸುಳಿವು 'ಪಯ್ಕ್', ಅಂದರೆ ಮತಾಂತರಕ್ಕೆ ಮುಂಚಿನ ಮನೆತನದ ಹೆಸರು. ಪ್ರಭು, ಕಾಮತ್, ಶೆಣೈ, ನಾಯಕ್, ಶೇಟ್, ಪೈ ಎಂಬ ಪಯ್ಕ್‌ಗಳನ್ನು ಹಲವು ಮನೆಗಳು ಬಾಯಿಮಾತಿನಲ್ಲಿ ಕಾಪಾಡಿಕೊಂಡಿವೆ. ಕೆಲವರು ಎರಡನ್ನೂ ಜೋಡಿಸಿ ಬರೆದರು. 1967ರಲ್ಲಿ ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದ ಜೆ. ಎಂ. ಲೋಬೊ ಪ್ರಭು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಕೆನಡಾದ ಫ್ರೆಂಚರಲ್ಲೂ ಒಂದು ಕುಲನಾಮದ ಬೆನ್ನಿಗೆ 'ದಿ' ಎಂಬ ಪದದಿಂದ ಇನ್ನೊಂದನ್ನು ಸೇರಿಸುವ ವಾಡಿಕೆಯಿತ್ತು. ಅಲ್ಲಿ ಎರಡನೆಯದು ಹೆಚ್ಚಾಗಿ ಸೈನಿಕನ ಅಡ್ಡಹೆಸರು. ಇಲ್ಲಿ ಅದು ಬಿಟ್ಟುಬಂದ ಕುಲದ ಗುರುತು.

ಮಂಗಳೂರಿನದೇ ಬಂಟ, ಬಿಲ್ಲವ ಮನೆಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ 'ಬರಿ', ಅಂದರೆ ಕುಲ, ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಆಸ್ತಿಯೂ ಅಳಿಯಸಂತಾನದ ಕಟ್ಟಿನಲ್ಲಿ ಹೆಣ್ಣಿನ ಸಾಲಿನಲ್ಲೇ ಸಾಗುತ್ತಿತ್ತು.

ಕ್ಯಾಥೊಲಿಕರ ವಂಶಶೋಧಕ್ಕೆ ಮುಖ್ಯ ಆಕರ ಇಗರ್ಜಿಯ (ಚರ್ಚಿನ) ದಫ್ತರ. 1563ರಲ್ಲಿ ಟ್ರೆಂಟ್ ಧರ್ಮಸಭೆಯು ಜ್ಞಾನಸ್ನಾನ, ಮದುವೆಗಳ ದಾಖಲೆಯನ್ನು ಕಡ್ಡಾಯಗೊಳಿಸಿತು. ಮಂಗಳೂರಿನ ರೊಜಾರಿಯೊ ಇಗರ್ಜಿ ಸ್ಥಾಪನೆಯಾದದ್ದು 1568ರಲ್ಲಿ, ಮಿಲಾಗ್ರಿಸ್ 1680ರಲ್ಲಿ. ಇಷ್ಟು ಹಳೆಯ ಇಗರ್ಜಿಗಳಿದ್ದೂ ಬಹುತೇಕ ಮನೆತನಗಳ ಲಿಖಿತ ಜಾಡು 19ನೆಯ ಶತಮಾನದ ಆರಂಭಕ್ಕೇ ನಿಂತುಬಿಡುತ್ತದೆ. ಕಾರಣ 1784. ಎರಡನೆಯ ಆಂಗ್ಲ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಅಟ್ಟಿದ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮಿಲಾಗ್ರಿಸ್ ಸೇರಿ ಹೆಚ್ಚಿನ ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆ ಬಳಿಯ ಹೊಸ್ಪೇಟೆಯ ಇಗರ್ಜಿ ಚೌಟ ಅರಸನಿಂದಾಗಿ ಉಳಿಯಿತೆಂಬುದು ಪ್ರತೀತಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಮರಳಿ, ಇಗರ್ಜಿಗಳನ್ನೂ ದಫ್ತರಗಳನ್ನೂ ಹೊಸದಾಗಿ ಆರಂಭಿಸಿದರು. ಅದಕ್ಕೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಉಳಿಯುವುದು ಪಯ್ಕ್, ಗೋವಾದ ಮೂಲ ಹಳ್ಳಿಯ ನೆನಪು, ಅಲ್ಲಿನ ಇಗರ್ಜಿಗಳ ಕಡತ.

ದಫ್ತರ ಓದುವುದೂ ಸಲೀಸಲ್ಲ. ಮನೆಯಲ್ಲಿ ಪೆದ್ರು, ಜುವಾಂವ್, ಲೊರ್ಸು ಎಂದು ಕರೆಸಿಕೊಂಡವರು ಬ್ರಿಟಿಷರ ಕಾಲದ ಕಾಗದಗಳಲ್ಲಿ ಪೀಟರ್, ಜಾನ್, ಲಾರೆನ್ಸ್ ಆಗಿದ್ದಾರೆ. ಮೊದಲ ಮಗುವಿಗೆ ತಂದೆಯ ಕಡೆಯ ಅಜ್ಜ ಅಥವಾ ಅಜ್ಜಿಯ ಹೆಸರಿಡುವ ಪದ್ಧತಿಯಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿನಲ್ಲಿ ಮರುಕಳಿಸುತ್ತದೆ. ಹಾಗಾಗಿ ವಾಡೊ (ಕೇರಿ), ಮನೆಯ ಜಾಗ, ಧರ್ಮಮಾತಾಪಿತರ ಹೆಸರು ಇವನ್ನು ತಾಳೆ ನೋಡದೆ ಮುಂದಕ್ಕೆ ಹೋಗುವಂತಿಲ್ಲ. ವಂಶದ ಲೆಕ್ಕ ಬರೀ ಕುತೂಹಲದ್ದೂ ಆಗಿರಲಿಲ್ಲ: 1917ರ ಕ್ಯಾಥೊಲಿಕ್ ಧರ್ಮಸಂಹಿತೆ ಮೂರಕ್ಕೆ ಇಳಿಸುವ ತನಕ ನಾಲ್ಕನೆಯ ತಲೆಮಾರಿನೊಳಗಿನ ರಕ್ತಸಂಬಂಧಿಗಳ ಮದುವೆಗೆ ವಿಶೇಷ ಅನುಮತಿ ಬೇಕಿತ್ತು. ಹಿರಿಯರ ನೆನಪು ಅಲ್ಲಿ ಸಾಕ್ಷ್ಯವಾಗಿ ಕೆಲಸಕ್ಕೆ ಬರುತ್ತಿತ್ತು.

ಈ ಚದುರಿದ ಆಕರಗಳನ್ನು ಒಂದೆಡೆ ತಂದವರಲ್ಲಿ ಗಣಿತಜ್ಞ ಮೈಕೆಲ್ ಲೋಬೊ ಪ್ರಮುಖರು. ಇಗರ್ಜಿ ದಾಖಲೆ ಮತ್ತು ಮನೆಮನೆಯ ಮಾಹಿತಿಯಿಂದ ಅವರು ಸಿದ್ಧಪಡಿಸಿದ ವಂಶಾವಳಿ ಕೋಶ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಒಳಗೊಂಡಿದೆ.

ಮದುವೆಯಾದ ಹೆಣ್ಣು ಗಂಡನ ಕುಲನಾಮ ಹಿಡಿಯುವುದು ಇಲ್ಲಿ ಸಾಮಾನ್ಯ. ಆದರೆ ಕೆನಡಾದ ಕ್ವಿಬೆಕ್‌ನಲ್ಲಿ 1981ರಿಂದ ಕಾನೂನೇ ಹೆಂಗಸಿಗೆ ಹುಟ್ಟುಹೆಸರನ್ನು ಉಳಿಸಿದೆ. ಮಂಗಳೂರಿನಲ್ಲಿ ತಾಯಿಯ ಕಡೆಯ ಸಾಲನ್ನು ಹುಡುಕುವವರು ಮದುವೆ ದಫ್ತರದಲ್ಲಿ ವಧುವಿನ ತಂದೆತಾಯಿಯ ಹೆಸರಿರುವ ಸಾಲಿನಿಂದಲೇ ಶುರುಮಾಡಬೇಕು.